ಮೊದಲ ಪುಟದಲ್ಲಿ ತಾತನ ಪ್ರಶ್ನೆ

ಕಾಶಿಯಲ್ಲೇ ಹುಟ್ಟಿ ಬೆಳೆದ ನನಗೆ ಕನ್ನಡ ಬಂದದ್ದು ತಾತನ ಬಾಯಿಂದ. ಗಲ್ಲಿಗೆ ಇಳಿದರೆ ಹಿಂದಿ, ಹೊಸಿಲು ದಾಟಿ ಒಳಗೆ ಬಂದರೆ ಕನ್ನಡ. ಕರ್ನಾಟಕದ ಯಾತ್ರಿಕರಿಗೆ ಶ್ರಾದ್ಧ, ಪಿಂಡಪ್ರದಾನ ಮಾಡಿಸುವ ಪುರೋಹಿತರು ಅವರು. ಸ್ಟೇಷನ್ನಿನಲ್ಲಿ ರೈಲು ನಿಂತಾಗ ಯಾರ ಹೆಸರನ್ನೂ ಕೇಳುತ್ತಿರಲಿಲ್ಲ. "ನಿಮ್ಮದು ಯಾವ ಊರು?" ಅಷ್ಟೇ. ಊರು ಹೇಳಿದರೆ ಅರ್ಧ ನೆಂಟಸ್ತಿಕೆ ಆದ ಹಾಗೆ. ಉಳಿದರ್ಧ ಜಂಗಮವಾಡಿಯ ನಮ್ಮ ಮನೆಯ ಸಾರು-ಅನ್ನದ ಜೊತೆ.

ಆಮೇಲೆ ಇಂಟರ್ನೆಟ್ ಬಂತು. ಹೋಟೆಲಿನವರು ಇಂಗ್ಲಿಷ್ ವೆಬ್‌ಸೈಟ್ ಮಾಡಿಸಿ, ಯಾತ್ರಿಕರನ್ನು ಅವರ ಊರಿನಲ್ಲೇ ಹಿಡಿದು, ಸ್ಟೇಷನ್ನಿಗೆ ಕಾರು ಕಳಿಸತೊಡಗಿದರು. ತಾತ ಎಷ್ಟೋ ದಿನ ಒಬ್ಬರೇ ವಾಪಸು ಬರುತ್ತಿದ್ದರು. ಅಜ್ಜಿ ಮಾಡಿಟ್ಟ ಸಾರನ್ನು ನಾವೇ ಎರಡು ಹೊತ್ತೂ ಉಣ್ಣುತ್ತಿದ್ದೆವು.

ನಾನಾಗ ಗೋದೌಲಿಯಾದ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ವಿನ್ಯಾಸ ಮಾಡುತ್ತಿದ್ದೆ. ಮಾಲೀಕರು ವೆಬ್‌ಸೈಟೂ ಮಾಡಿಕೊಡುತ್ತಿದ್ದರು. ನಮ್ಮ ಮನೆಗೂ ಒಂದು ಬೇಕು ಎಂದೆ. ಮೊದಲ ಪುಟ ಅವರ ತಲೆಯಲ್ಲಿ ಸಿದ್ಧವೇ ಇತ್ತು: ಗಿರಗಿರ ಸುತ್ತುವ ಓಂಕಾರ, ಶಂಖದ ಸದ್ದು, ಕೆಳಗೆ ಇಂಗ್ಲಿಷಿನಲ್ಲಿ ಸ್ವಾಗತ.

"ಅದೇನೂ ಬೇಡ," ಎಂದೆ. "ತಾತನ ಪ್ರಶ್ನೆ ಇರಲಿ. ಕನ್ನಡದಲ್ಲಿ."

"ಅರೆ ಬಿಟಿಯಾ, ನೋಡೋರ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇರಬೇಕಲ್ಲ! ಇಲ್ದಿದ್ರೆ ಅಕ್ಷರದ ಬದಲು ಬರೀ ಡಬ್ಬಿ ಡಬ್ಬಿ ಕಾಣುತ್ತೆ."

"ಅಕ್ಷರಗಳನ್ನೇ ಚಿತ್ರ ಮಾಡಿ ಹಾಕ್ತೀನಿ."

"ಚಿತ್ರ ಭಾರ. ತೆರೆಯೋಕೆ ಎರಡು ನಿಮಿಷ. ಯಾರು ಕಾಯ್ತಾರೆ?"

"ಕಾಶಿಗೋಸ್ಕರ ಎರಡು ದಿನ ರೈಲಿನಲ್ಲಿ ಕೂರೋರು ಭೈಯಾ. ಎರಡು ನಿಮಿಷ ಕಾಯಲ್ವಾ?"

"ನನ್ನ ಅಂಗಡಿ ಹೆಸರು ಹಾಕಬೇಡ. ಜನ ನಗ್ತಾರೆ."

"ಹಾಕಲ್ಲ. ನಿಮ್ಮ ಓಂಕಾರಾನೂ ಹಾಕಲ್ಲ."

ಫೋಟೋ ತಿದ್ದುವ ಸಾಫ್ಟ್‌ವೇರಿನಲ್ಲಿ ಬಿಳಿ ಪುಟ ತೆರೆದು, ಪ್ರಶ್ನೆಯನ್ನು ದಪ್ಪಕ್ಷರದಲ್ಲಿ ಕೂರಿಸಿದೆ. ಕೆಳಗೆ, ಯಾತ್ರಿಕರು ನಿಜವಾಗಿ ಕೇಳುವುದಕ್ಕೆಲ್ಲ ಉತ್ತರ: ಬಿಸಿನೀರು ಉಂಟು, ಸಾರು-ಅನ್ನ ಉಂಟು, ಮುದುಕರಿಗೆ ಕೆಳಗಿನ ಕೋಣೆ ಉಂಟು. ಕೊನೆಗೆ ಮನೆಯ ಫೋನ್ ನಂಬರು. ಇಡೀ ಚಿತ್ರ ಒಟ್ಟಿಗೆ ತೆರೆಯಲು ಭಾರವೆಂದು ಪುಟವನ್ನು ತುಂಡು ತುಂಡಾಗಿ ಕತ್ತರಿಸಿಟ್ಟೆ. ಪ್ರಶ್ನೆ ಮೊದಲು ಬರಲಿ, ಉಳಿದದ್ದು ಅದರ ಹಿಂದೆ ನಡೆದು ಬರಲಿ.

ತಾತನಿಗೆ ತೋರಿಸಿದರೆ ಸಿಟ್ಟು. "ಮುಖ ನೋಡದೆ ಊರು ಕೇಳೋದು ಯಾವ ಸೀಮೆ ಮರ್ಯಾದೆ?"

"ಮುಖ ನೋಡೋಕೆ ಅವರು ನಿಮ್ಮ ತನಕ ಬರಬೇಕಲ್ಲ ತಾತ!"

ಬರಲಿಲ್ಲ, ಬಹಳ ದಿನ. ಬೆಳಿಗ್ಗೆ ಅಂಗಡಿಯ ಬಾಗಿಲಲ್ಲೇ ಮಾಲೀಕರ ಕುಚೋದ್ಯ: "ಏನು ಬಿಟಿಯಾ, ಇವತ್ತು ಯಾವ ಊರು?" ಓಂಕಾರ ಹಾಕಿಬಿಡು ಅಂತ ಮನೆಯಲ್ಲೂ ಹೇಳಿದರು. ನಾನು ಒಂದು ಚುಕ್ಕೆಯನ್ನೂ ಬದಲಿಸಲಿಲ್ಲ.

ಪಿತೃಪಕ್ಷದ ಹೊತ್ತಿಗೆ, ಪುಟ ನೋಡಿದವರಿಂದ ಒಂದು ಫೋನು. ಎಸ್‌ಟಿಡಿ ಬಿಲ್ಲಿಗೆ ಹೆದರಿ, ಊರನ್ನೂ ಹೇಳದೆ, ರೈಲು ಮತ್ತು ಬೋಗಿ ಮಾತ್ರ ಹೇಳಿ ಇಟ್ಟೇಬಿಟ್ಟರು. ತಾತನ ಜೊತೆ ನಾನೂ ಸ್ಟೇಷನ್ನಿಗೆ ಹೋದೆ. ರೈಲು ಇನ್ನೂ ಪೂರ್ತಿ ನಿಂತಿರಲಿಲ್ಲ. ಬಾಗಿಲಲ್ಲಿದ್ದ ಹೆಂಗಸೊಬ್ಬರು ತಾತನ ಪಂಚೆ, ಅಂಗವಸ್ತ್ರ ನೋಡಿ ಕೂಗಿದರು.

"ನಮ್ದು ಗದಗರೀ ಭಟ್ರ! ನಿಮ್ಮ ಪುಟ ತೆರಿಯೋತನಾ ಮನಿಮಂದಿ ಎಲ್ಲಾ ಕಂಪ್ಯೂಟರ್ ಮುಂದ ಕುಂತಿದ್ವಿ!"

ತಾತ ಕೈ ಎತ್ತಿದರು. "ತಡೀರಿ ತಾಯಿ. ಅದು ಈ ಹುಡುಗಿಯ ಕಂಪ್ಯೂಟರು ಕೇಳಿದ್ದು. ನಾನಿನ್ನೂ ಕೇಳಿಲ್ಲ." ಗಂಟಲು ಸರಿಮಾಡಿಕೊಂಡು, ಅವರು ಕೆಳಗಿಳಿಯುವ ತನಕ ಕಾದು, ಮುಖ ನೋಡಿ ಕೇಳಿದರು: "ನಿಮ್ಮದು ಯಾವ ಊರು?"

ಮರುದಿನ ಅಂಗಡಿಯ ಬಾಗಿಲಲ್ಲಿ ಮಾಲೀಕರು ಬಾಯಿ ತೆರೆಯುವ ಮೊದಲೇ ನಾನೇ ಹೇಳಿದೆ:

"ಗದಗ."