ಬಾಗಿಲಿಲ್ಲದ ಗುಡಿಯ ಅಜ್ಜಿ

ಹಣೆಯ ಮೇಲೆ ಕಾಸಗಲದ ಕುಂಕುಮ. ಬೆವರಿಗೆ ಕರಗಿ ಮೂಗಿನ ತುದಿಗೆ ಇಳಿದರೂ ನಮ್ಮ ಓನರ್ ಅಜ್ಜಿ ಒರೆಸಿಕೊಳ್ಳುತ್ತಿರಲಿಲ್ಲ. "ಅಮ್ಮ ಇಟ್ಟಿದ್ದು, ಬೇಕಾದ್ರೆ ಅವಳೇ ಒರೆಸ್ಲಿ ಬುಡು" ಅನ್ನುತ್ತಿದ್ದರು.

ರಾಯಚೂರಿನಿಂದ ಬಂದ ನಾವು ಕೃಷ್ಣರಾಜಪುರದಲ್ಲಿ ಆಕೆಯ ವಠಾರದ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೆವು. ಎದುರಿಗೇ ಕೆರೆಯಮ್ಮನ ಹಳೆಯ ಕಲ್ಲುಗುಡಿ. ಕೆರೆ ಎಂದೋ ಮುಚ್ಚಿಹೋಗಿ ಲೇಔಟ್ ಆಗಿತ್ತು. ಅಜ್ಜಿಯ ಬಾಯಲ್ಲಿ ಮಾತ್ರ ಇನ್ನೂ ತುಂಬಿತ್ತು. ಏರಿ ಒಡೆಯುವ ಹೊತ್ತಿಗೆ ಕೆರೆ ಕಾಯುವ ನೀರಗಂಟಿಯೊಬ್ಬ ಊರವರನ್ನು ಎಬ್ಬಿಸಲು ಓಡುತ್ತಾ ಕೆರೆಯಮ್ಮನಿಗೆ, "ನಾನು ಬರೋವರ್ಗೂ ನೋಡ್ಕೋ ತಾಯಿ" ಎಂದನಂತೆ. ಊರು ಉಳಿಯಿತು, ಅವನು ಬರಲಿಲ್ಲ. ಅಂದಿನಿಂದ ಅಮ್ಮ ದಾರಿ ಕಾಯುತ್ತಲೇ ಇದ್ದಾಳೆ, ಅದಕ್ಕೇ ಗುಡಿಗೆ ಬಾಗಿಲಿಲ್ಲ. ಕತೆಯ ನಡುವೆ ಯಾರಾದರೂ ಎದ್ದರೆ ಅಜ್ಜಿ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದರು. ಉಚ್ಚೆ ಬಂದರೂ ನಾವು ಏಳುತ್ತಿರಲಿಲ್ಲ.

ಬೀದಿಯಲ್ಲಿ ಸಾವಾದರೆ ಹೆಣ ಎತ್ತುವವರೆಗೆ ಬೇರೆ ಗುಡಿಗಳು ಬಾಗಿಲು ಹಾಕುತ್ತವೆ. ನಮ್ಮಪ್ಪ ಕಟ್ಟಡದ ಕೆಲಸದಲ್ಲಿ ಬಿದ್ದು ತೀರಿಕೊಂಡಾಗ, ಬಾಡಿಗೆ ಮನೆಗೆ ಹೆಣ ತರಲು ಬಿಡುತ್ತಾರೋ ಇಲ್ಲವೋ ಎಂದು ಅವ್ವ ನಡುಗುತ್ತಿದ್ದಳು. "ಎಲ್ಲಿ ಇಳಸೋಣ್ರೀ ಅಮ್ಮಾ?" ಎಂದು ಅಜ್ಜಿಯನ್ನು ಕೇಳಿದಳು. ಅಜ್ಜಿ ಗುಡಿಯ ಎದುರಿಗೇ ಚಾಪೆ ಹಾಸಿದರು.

"ಇಲ್ಲೇ ಮಲಗ್ಸಮ್ಮ. ಇವಳು ಯಾರಿಗೂ ಬಾಗ್ಲು ಹಾಕ್ದೋಳಲ್ಲ. ನೋಡಿ ಕಳಿಸ್ತಾಳೆ."

ಪರ ಊರಿನಲ್ಲಿ ಅಪ್ಪ ದಿಕ್ಕಿಲ್ಲದವನಂತೆ ಹೋಗಲಿಲ್ಲ.

ಆಮೇಲೆ ಗುಡಿಗೆ ಜೀರ್ಣೋದ್ಧಾರ ಬಂತು. ಗ್ರಾನೈಟು, ಟೈಲ್ಸು, ಹಿತ್ತಾಳೆ ಹೊದಿಸಿದ ಜೋಡಿ ಬಾಗಿಲು. ಅಜ್ಜಿ ಕಮಿಟಿಯವರ ಕಾಲು ಹಿಡಿಯುವುದೊಂದು ಬಾಕಿ.

"ಬಾಗ್ಲು ಬ್ಯಾಡ ಕಣ್ರಪ್ಪ, ಅವ್ನು ಬಂದ್ರೆ?"

"ಕಳ್ರು ಬಂದ್ರೆ ಅಜ್ಜಿ? ಸೇಫ್ಟಿ ಬೇಕಲ್ವಾ?" ಎಂದು ನಕ್ಕರು.

ಬಾಗಿಲು ಕೂತ ದಿನದಿಂದ ಅಜ್ಜಿ ಗುಡಿಯ ಮೆಟ್ಟಿಲು ಹತ್ತಲಿಲ್ಲ. ಕತೆ ಹೇಳು ಎಂದ ಮಕ್ಕಳಿಗೆ "ಮರ್ತೋಯ್ತು, ಹೋಗ್ರೋ" ಎನ್ನುತ್ತಿದ್ದರು. ಒಂದಕ್ಷರವೂ ಮರೆತಿರಲಿಲ್ಲ ಎಂದು ನನಗೆ ಗೊತ್ತಿತ್ತು.

ಕಳೆದ ವರ್ಷ ಅಜ್ಜಿ ಹೋದರು. ಸುದ್ದಿ ಕಿವಿಗೆ ಬಿದ್ದ ಕೂಡಲೇ ಪೂಜಾರಿಗಳು ಬಾಗಿಲು ಎಳೆದು ಬೀಗ ಹಾಕಿದರು. "ಒಂದೇ ಒಂದು ನಿಮಿಷ ತೆಗೀರಿ ಸ್ವಾಮಿ" ಎಂದು ಬೇಡಿಕೊಂಡೆ. "ಹೆಣ ಇರೋವಾಗ ತೆಗೆಯೋ ಹಾಗಿಲ್ಲಮ್ಮ, ಶಾಸ್ತ್ರ" ಎಂದರು.

ಮುಚ್ಚಿದ ಬಾಗಿಲಿನ ಮುಂದೆ ಚಟ್ಟ ಹಾದುಹೋಯಿತು. ಎಲ್ಲಿಂದಲೋ ಬಂದ ನನ್ನಪ್ಪನನ್ನು ನೋಡಿ ಕಳಿಸಿದ ಅಮ್ಮ, ಊರಿಗೆಲ್ಲ ತನ್ನ ಕತೆ ಹೇಳಿದವರನ್ನು ನೋಡಲಿಲ್ಲ. ನಾನು ಆ ಹಿತ್ತಾಳೆಗೆ ಬೆನ್ನು ಹಾಕಿ ಮೆಟ್ಟಿಲ ಮೇಲೆ ನಿಂತೆ. ಚಟ್ಟ ತಿರುವು ದಾಟುವವರೆಗೆ ಕಣ್ಣು ಕದಲಿಸದೆ, ಅಜ್ಜಿಯನ್ನು ನಾನೇ ನೋಡಿ ಕಳಿಸಿದೆ.