ತರ್ಪಣದ ಪಟ್ಟಿಯಲ್ಲಿದ್ದ ಪ್ರಾಣೇಶ

ಗುಂಯ್ ಎನ್ನುತ್ತಿದ್ದ ಸೆಂಟ್ರಿಫ್ಯೂಜು ಸ್ವರ ಇಳಿಸುತ್ತ ಇಳಿಸುತ್ತ ಬಂದು ನಿಂತಿತು. ಆಮೇಲೆ ಮೂರು ಸಲ ಕೀಕ್ ಎಂದಿತು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ಮೈಥಿಲಿ ಹನ್ನೊಂದು ವರ್ಷದಿಂದ ಈ ಕೂಗು ಕೇಳುತ್ತಿದ್ದಾಳೆ. ಯಾರದೋ ರಕ್ತವನ್ನು ಗಿರ್ರನೆ ತಿರುಗಿಸಿ, ಅದರೊಳಗಿನ ವಂಶವಾಹಿಗಳನ್ನು ಬೇರ್ಪಡಿಸಿ, ಓದುವ ಯಂತ್ರಕ್ಕೆ ಉಣಿಸುವುದು ಅವಳ ಕೆಲಸ.

ಎರಡು ವರ್ಷದಿಂದ ಬರುತ್ತಿರುವ ಟ್ಯೂಬುಗಳು ಎರಡು ಬಗೆಯ ಮನೆಗಳವು. ಆಟಿಸಂ ಇರುವವರ ಮನೆ ಒಂದು. ಮನಸ್ಸು ಕೆಲವು ವಾರ ಉಕ್ಕಿ ಹರಿದು, ಕೆಲವು ತಿಂಗಳು ಬತ್ತಿ ಬಿರಿಯುವ ಬೈಪೋಲಾರ್ ಇರುವವರ ಮನೆ ಇನ್ನೊಂದು. ಎರಡರ ಬೇರುಗಳೂ ಮಣ್ಣಿನೊಳಗೆ ಅಲ್ಲಲ್ಲಿ ಹೆಣೆದುಕೊಂಡಿವೆ, ಒಂದೇ ಮನೆತನದಲ್ಲಿ ಎರಡೂ ಕಾಣಿಸಿಕೊಳ್ಳುವುದುಂಟು ಎಂಬುದು ಅಲ್ಲಿ ಕಾಫಿ ಹೊತ್ತಿನ ಮಾತು. ಊರವರ ರಕ್ತದಲ್ಲೆಲ್ಲ ಮೈಥಿಲಿಗೆ ಅದು ಕಾಣುತ್ತದೆ. ಅವಳು ಸೇರಿದ ಮನೆಯಲ್ಲಿ ಮಾತ್ರ ಅಂಥದ್ದೇನೂ ಇಲ್ಲ. ಮೈಸೂರಿನಿಂದ ಬಂದು, ಲ್ಯಾಬಿನಿಂದ ಒಂದು ಗಂಟೆ ದೂರದ ಡಬ್ಲಿನ್ ಎಂಬ ಊರಿನಲ್ಲಿ ಇವರ ಮನೆಯಲ್ಲೇ ಇರುವ ಅತ್ತೆ ವೇದವತಿಯವರೇ ಹೇಳಿದ್ದಾರೆ. ಇನ್ನು ಯಂತ್ರ ಹೇಳುವುದೇನಿದೆ?

ಅವಳ ಮಗ ಪ್ರದ್ಯುಮ್ನನಿಗೆ ಹದಿನಾರು. ಆಟಿಸಂ ಎಂದು ಗೊತ್ತಾದದ್ದು ನಾಲ್ಕರಲ್ಲಿ. "ಅವರಪ್ಪಾನೂ ಮಾತಾಡಿದ್ದು ಲೇಟೇ" ಎಂದು ವೇದವತಿ ಅವತ್ತೇ ರೋಗ, ಔಷಧ ಎರಡನ್ನೂ ಮುಗಿಸಿದ್ದರು. ಹುಡುಗನಿಗೆ ಆ ಸೀಮೆಯ ಊರುಗಳನ್ನು ಜೋಡಿಸುವ ಬಾರ್ಟ್ ರೈಲೆಂದರೆ ಪ್ರಾಣ. ಎಲ್ಲ ಸ್ಟೇಷನ್ನುಗಳ ಹೆಸರೂ ಅವನ ಬಾಯಲ್ಲಿ ಸಹಸ್ರನಾಮದ ಹಾಗೆ ಬರುತ್ತಿದ್ದವು. ಎರಡು ತಿಂಗಳ ಕೆಳಗೆ ಅವನು ಕೋಣೆಯಲ್ಲಿದ್ದ ರೈಲಿನ ನಕ್ಷೆಯನ್ನು ಕಿತ್ತು, ತಿರುಗಿಸಿ, ಗೋಡೆಗೆ ಮುಖಮಾಡಿ ಅಂಟಿಸಿದ. ತಾನೂ ಹಾಗೇ ಗೋಡೆಗೆ ಮುಖಮಾಡಿ ಮಲಗಿದ.

ಇವತ್ತು ನಾಲ್ಕು ಗಂಟೆಗೆ ಡಾಕ್ಟರು. ಕುಗ್ಗಿದ ಮನಸ್ಸನ್ನು ಎತ್ತುವ ಮಾತ್ರೆ ಶುರುಮಾಡೋಣ ಎಂದಿದ್ದಾರೆ. ಅದಕ್ಕೆ ಮೊದಲು ಒಂದು ಫಾರಮ್ಮು. ಮನೆತನದಲ್ಲಿ ಯಾರಿಗಾದರೂ ಬೈಪೋಲಾರ್ ಇತ್ತೇ? ಇದ್ದರೆ ಅದೇ ಮಾತ್ರೆ ಎತ್ತಬೇಕಾದ್ದಕ್ಕಿಂತ ಮೇಲಕ್ಕೆ ಎತ್ತಿಬಿಡಬಹುದು, ಬಹಳ ಹುಷಾರಾಗಿ ನೋಡಬೇಕಾಗುತ್ತದೆ ಎಂದು ಡಾಕ್ಟರು ಫೋನಿನಲ್ಲೇ ಬಿಡಿಸಿ ಹೇಳಿದ್ದರು. ಅವಳ ಗಂಡ ರಘೋತ್ತಮ ಆ ಜಾಗದಲ್ಲಿ ದುಂಡಗೆ 'ಯಾರಿಗೂ ಇಲ್ಲ' ಎಂದು ತುಂಬಿಟ್ಟಿದ್ದ. ಆಫೀಸಿನಲ್ಲಿ ಸಾಫ್ಟ್‌ವೇರಿನ ಬಗ್ ಮುಚ್ಚಿಟ್ಟವನನ್ನು ಮೀಟಿಂಗಿನಲ್ಲೇ ಹುರಿದು ಮುಕ್ಕುವ ಮನುಷ್ಯ ಅವನು.

ಎರಡೂವರೆಗೆ ಮೈಥಿಲಿ ಮನೆಗೆ ಬಂದಾಗ ಅಡುಗೆಮನೆಯ ಕಟ್ಟೆಯ ಮೇಲೆ ಆ ಫಾರಮ್ಮಿನ ಪಕ್ಕದಲ್ಲೇ ಇನ್ನೊಂದು ಹಾಳೆ ಬಿದ್ದಿತ್ತು. ಪಿತೃಪಕ್ಷ. ಬೆಳಿಗ್ಗೆ ಮೈಸೂರಿನ ಆಚಾರ್ಯರು ಜೂಮ್‌ನಲ್ಲಿ ಮಂತ್ರ ಹೇಳಿ, ರಘೋತ್ತಮ ಇಲ್ಲಿ ತಟ್ಟೆಗೆ ಎಳ್ಳುನೀರು ಬಿಟ್ಟು ಮುಗಿಸಿದ್ದ. ಯಾರ ಹೆಸರೂ ತಪ್ಪಬಾರದೆಂದು ಅವನು ಮಾಡಿಕೊಂಡ ಎಕ್ಸೆಲ್ ಶೀಟು ಅದು. ಸಂಬಂಧ, ಗೋತ್ರ, ಹೆಸರು ಎಂದು ಮೂರು ಕಾಲಮ್ಮು. ಹದಿನಾಲ್ಕನೇ ಸಾಲಿನಲ್ಲಿ, ಒಂದು ಎಳ್ಳು ಅಂಟಿಕೊಂಡ ಜಾಗದಲ್ಲಿ, ತಂದೆಯ ತಮ್ಮ, ಪ್ರಾಣೇಶ.

"ಅಮ್ಮಾ, ಈ ಪ್ರಾಣೇಶ ಚಿಕ್ಕಪ್ಪ ಹೇಗೆ ತೀರ್ಕೊಂಡ್ರು?" ಮೈಥಿಲಿ ಅತ್ತೆಯನ್ನು ಕೇಳಿದಳು.

"ಹೊಳೇಲಿ ಈಜಕ್ಕೆ ಹೋಗಿ. ಒಳ್ಳೇ ಹಾಡುಗಾರ, ಪಾಪ."

"ಈಜು ಬರ್ತಿತ್ತಾ?"

"ಬರ್ತಿದ್ರೆ ಯಾಕೆ ಹೋಗ್ಬಿಡ್ತಿದ್ದ? ಓದಿದವಳು ಕೇಳೋ ಪ್ರಶ್ನೆ ನೋಡು!"

ರಘೋತ್ತಮ ಒಂದು ಕಿವಿಯ ಹೆಡ್‌ಸೆಟ್ಟು ಸರಿಸಿಕೊಂಡು ಬಂದ. "ಇವತ್ತೇ ಬೇಕಾ ಇದು? ತಿಂಗಳ ಕೊನೆಗೆ ಅಕ್ಕನ ಮಗಳು ಸಂಯುಕ್ತಾನ್ನ ನೋಡೋಕೆ ಕ್ಯುಪರ್ಟಿನೋದವರು ಬರ್ತಿದಾರೆ."

"ಡಾಕ್ಟರ ಫಾರಮ್ಮು ಅವರ ಮನೆಗೆ ಯಾಕೆ ಹೋಗತ್ತೆ, ರೀ?" ಅತ್ತೆಯ ಎದುರಿಗೆ ಅವಳು ಗಂಡನಿಗೆ ರೀ ಎನ್ನುತ್ತಾಳೆ.

"ಬೇ ಏರಿಯಾ ಕಣೇ. ಇಲ್ಲಿ ಸೀನಿದ್ರೆ ಫ್ರೀಮಾಂಟಲ್ಲಿ ಕಷಾಯಕ್ಕಿಡ್ತಾರೆ."

"ಗೋತ್ರ ಕೇಳಿದ್ರೆ ಹೇಳೋಣ, ಪ್ರವರ ಕೇಳಿದ್ರೆ ಹೇಳೋಣ," ಎಂದರು ವೇದವತಿ. "ಇದನ್ನೆಲ್ಲ ಯಾರಮ್ಮ ಕೇಳ್ತಾರೆ?"

"ಡಾಕ್ಟರು ಕೇಳಿದಾರೆ. ಪ್ರಾಣೇಶ ಚಿಕ್ಕಪ್ಪ ಅನ್ನೋರು ಇಲ್ಲವೇ ಇಲ್ಲ ಅಂದ್ರೆ ತರ್ಪಣದ ಲಿಸ್ಟಿಂದಾನೂ ತೆಗೆದುಬಿಡೋಣ."

"ಬಿಡ್ತು ಅನ್ನು! ನೀರು ಬಿಡದಿದ್ರೆ ಸುಮ್ನಿರ್ತಾನಾ ಅವನು? ಬದುಕಿದ್ದಾಗಲೇ ಮೂರ್ಮೂರು ದಿನ ಕಣ್ಣು ಮುಚ್ತಿರ್ಲಿಲ್ಲ."

ಮೈಥಿಲಿ ಎಳ್ಳನ್ನು ಉಗುರಿನಿಂದ ತೆಗೆದಳು. "ಕಣ್ಣು ಮುಚ್ದೆ ಏನ್ಮಾಡ್ತಿದ್ರು?"

"ಹಾಡ್ತಿದ್ದ. ಒಂದ್ಸಲ ನಾಲ್ಕು ವೀಣೆ ತಂದ, ನುಡಿಸಕ್ಕೆ ಒಂದೂ ಬರ್ತಿರ್ಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಗೋಡೆ ನೋಡ್ಕೊಂಡು ಮಲಗ್ತಿದ್ದ." ಅವರ ಕಣ್ಣು ತಾನಾಗಿ ಮಹಡಿಯ ಕೋಣೆಯತ್ತ ಹೋಗಿ, ಸರ್ರನೆ ಇಳಿದು ಬಂತು. "ಆದ್ರೆ ವಾಸಿಯಾಯ್ತು ಕಣೆ! ಮನಸ್ಸು ಎದ್ದೇಳಕ್ಕೆ ಅಂತ ಡಾಕ್ಟರು ಮಾತ್ರೆ ಕೊಟ್ರು. ಎರಡೇ ವಾರ. ಎದ್ದು ಕೂತ. ಗಲಗಲ ಮಾತು, ಊರೆಲ್ಲ ಓಡಾಟ, ನಿದ್ದೆಯೇ ಬೇಡ. ನಿಮ್ಮ ಮಾವ ಖುಷಿಗೆ ಸತ್ಯನಾರಾಯಣ ಪೂಜೆ ಮಾಡ್ಸಿದ್ರು. ನೂರೈವತ್ತು ಜನ ಊಟ ಮಾಡಿದ್ರು."

"ಆಮೇಲೆ?"

"ಆಮೇಲೇನು. ಮುಂದಿನ ವಾರ ಈಜಕ್ಕೆ ಹೋದ."

ಹೆಡ್‌ಸೆಟ್ಟಿನೊಳಗೆ ಯಾರೋ ರಘೋತ್ತಮನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಅವನು ಅದನ್ನು ಕಿವಿಯಿಂದ ತೆಗೆದು ಕಟ್ಟೆಯ ಮೇಲಿಟ್ಟ. ಮೈಥಿಲಿ ಪೆನ್ನು ತೆಗೆದು 'ಯಾರಿಗೂ ಇಲ್ಲ' ಎಂಬುದರ ಮೇಲೆ ಗೆರೆ ಎಳೆದಳು.

"ಏ, ತಡಿ. ನಮ್ಮ ಮಗನಿಗೂ ಬರತ್ತೆ ಅಂತ ನೀನೇ ಬರ್ಕೊಡ್ತಿದೀಯಾ?"

"ಬರತ್ತೆ ಅಂತ ಯಾರೂ ಹೇಳ್ತಿಲ್ಲ. ಆ ಮಾತ್ರೆ ಕೊಡೋ ಮುಂಚೆ ಕೇಳಿದಾರೆ. ಹೇಳ್ತಿದೀನಿ."

"ಹಾಗಾದ್ರೆ 'ಸ್ವಲ್ಪ ಎಮೋಷನಲ್' ಅಂತ ಹಾಕು."

"ನಿನ್ನ ಎಕ್ಸೆಲ್ಲಲ್ಲಿ ಹಾಕ್ಕೋ," ಎಂದಳು. ಅತ್ತೆಯ ಎದುರೇ ರೀ ಹೋಗಿ ನೀನು ಬಂದದ್ದನ್ನು ಯಾರೂ ಗಮನಿಸಲಿಲ್ಲ. ಅಜ್ಜನ ತಮ್ಮ, ಪ್ರಾಣೇಶ, ಎಂದು ಬರೆದಳು. ನಿದ್ದೆ, ವೀಣೆ, ಗೋಡೆ, ಮಾತ್ರೆ, ಪೂಜೆ, ಹೊಳೆ, ಎಲ್ಲವನ್ನೂ ಆ ಪುಟ್ಟ ಚೌಕದೊಳಗೆ ಸಣ್ಣ ಅಕ್ಷರದಲ್ಲಿ ಇಳಿಸಿದಳು. ಅಷ್ಟು ವರ್ಷ ಬರೀ ಎಳ್ಳುನೀರು ಕುಡಿದ ಮನುಷ್ಯನಿಗೆ ಮೊದಲ ಸಲ ಕೂರಲು ಒಂದು ಜಾಗ ಸಿಕ್ಕಿತು.

ಮೆಟ್ಟಿಲ ಮೇಲೆ ಪ್ರದ್ಯುಮ್ನ ಬಂದು ನಿಂತಿದ್ದ, ಹೂಡಿ ಅಂಗಿಯ ಟೋಪಿ ಹಣೆಯವರೆಗೆ ಎಳೆದುಕೊಂಡು. "ಅಮ್ಮ, ಈಸ್ ಇಟ್ ಟೈಮ್?"

"ಹೂಂ ಕಂದ. ಶೂ ಹಾಕ್ಕೋ."

"ಮೈಥಿಲಿ, ಕೇಳಿಲ್ಲಿ," ವೇದವತಿ ದನಿ ತಗ್ಗಿಸಿ ಹತ್ತಿರ ಬಂದರು, ಜೀವಮಾನದ ವಿವೇಕವನ್ನೆಲ್ಲ ಒಟ್ಟುಗೂಡಿಸಿಕೊಂಡು. "ಬರೀಲೇಬೇಕು ಅಂದ್ರೆ ಬರಿ, ಬೇಡ ಅನ್ನಲ್ಲ. ಆದ್ರೆ ನಿನ್ನ ತವರಿನ ಕಡೆಯವರು ಅಂತ ಬರಿ. ನಿಮ್ಮ ಕಡೆ ಹೇಗೂ ಮದುವೆಗೆ ಇರೋ ಹುಡುಗೀರು ಯಾರೂ..."

ಮೈಥಿಲಿ ಎರಡೂ ಹಾಳೆಗಳನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, ಮಗನ ಹಿಂದೆಯೇ ಬಾಗಿಲು ದಾಟಿ ಕಾರಿನ ಕಡೆ ನಡೆದಳು.