ಸರದಿಯ ಕೊನೆಯಲ್ಲಿ ನಿಂತದ್ದು

ಆಫೀಸಿನಲ್ಲಿ ಅವಳಿಗೆ ಮೀಟರಮ್ಮ ಎಂದೇ ಹೆಸರು. ಯಾವುದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಅಳೆಯದೆ ಅವಳಿಗೆ ಸಮಾಧಾನವಿಲ್ಲ. ಮನೆಯಲ್ಲೂ ಅದೇ ಚಾಳಿ. "ಹಾಲಿಟ್ಟು ಗಡಿಯಾರ ನೋಡ್ತಾ ನಿಲ್ತಾಳೆ, ಹಾಲನ್ನ ಮಾತ್ರ ನೋಡಲ್ಲ," ಎಂದು ಅತ್ತೆ ಒಲೆ ಒರೆಸುತ್ತ ಗೊಣಗುತ್ತಿದ್ದರು.

ಕಂಪನಿಯ ಪ್ರೋಗ್ರಾಮರುಗಳೆಲ್ಲ ಬೆಳಿಗ್ಗೆ ಬಂದು ಮೊದಲು ತೆರೆಯುವ ಪೋರ್ಟಲ್ ಅವಳ ಸುಪರ್ದಿಯಲ್ಲಿತ್ತು. ಅದರೊಳಗೆ ಬೇರೆ ಬೇರೆ ತಂಡದವರು ಬರೆದು ಸೇರಿಸಿದ ಪುಟ್ಟ ಪುಟ್ಟ ಪ್ರೋಗ್ರಾಮುಗಳು, ಪ್ಲಗಿನ್‌ಗಳು. ಒಂದು ಹುಡುಕಲು, ಒಂದು ಸೂಚನೆ ತೋರಿಸಲು, ಹೀಗೆ. ಕಟ್ಟಕಡೆಗೆ ದೊಡ್ಡಣ್ಣ ಬರೆದದ್ದು: ಯಾರ ಕೋಡ್ ಪರೀಕ್ಷೆಯಲ್ಲಿ ಪಾಸಾಯಿತು, ಯಾರದ್ದು ಫೇಲಾಯಿತು ಎಂದು ಹೇಳುವುದು. ದೊಡ್ಡಣ್ಣ ಆಫೀಸಿನ ಅತಿ ಹಿರಿಯರು; ಆ ಪ್ಲಗಿನ್ ಅವರ ಕೂಸು. ಪೋರ್ಟಲ್ ತೆರೆಯುವುದರೊಳಗೆ ಕಾಫಿ ಆರಿಹೋಗುತ್ತಿತ್ತು, ಬೈಗುಳವೆಲ್ಲ ಅವರ ತಲೆಗೆ. ಹಳೇ ಕೋಡು, ಕಿತ್ತುಹಾಕಿ ಎಂದು ಮ್ಯಾನೇಜರ್ ಹಟ ಹಿಡಿದಿದ್ದ.

"ಎಲ್ಲದಕ್ಕೂ ಮೀಟರ್ ಹಾಕಮ್ಮ," ಎಂದರು ದೊಡ್ಡಣ್ಣ. "ತಪ್ಪು ನಂದೇ ಅಂತ ಬಂದ್ರೆ ನಾನೇ ತೆಗೀತೀನಿ."

ಅವಳು ಪ್ರತಿ ಪ್ಲಗಿನ್ನಿಗೂ ಸಮಯ ಅಳೆಯುವ ಕೋಡ್ ಸೇರಿಸಿದಳು. ಮರುದಿನ ಗೋಡೆಯ ಪರದೆಯ ಮೇಲೆ ದೊಡ್ಡಣ್ಣನ ಪ್ಲಗಿನ್ನಿನ ಗೆರೆಯೇ ಎಲ್ಲಕ್ಕಿಂತ ಉದ್ದ, ಕೆಂಪಗೆ. ಮ್ಯಾನೇಜರ್ ಮೀಸೆಯಲ್ಲೇ ನಕ್ಕ. ದೊಡ್ಡಣ್ಣ ಪರದೆ ನೋಡಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಮಧ್ಯಾಹ್ನದೊಳಗೆ ಪ್ಲಗಿನ್ ತೆಗೆದಿದ್ದರು.

ಪೋರ್ಟಲ್ ಮಾತ್ರ ಜಪ್ಪಯ್ಯ ಎಂದರೂ ಚುರುಕಾಗಲಿಲ್ಲ. ಮೀಟರಮ್ಮನಿಗೆ ಕಸಿವಿಸಿಯಾಯಿತು. ತಾನು ಬರೆದ ಮೀಟರನ್ನೇ ಸಾಲು ಸಾಲಾಗಿ ಓದುತ್ತ ಹೋದಳು. ಪ್ಲಗಿನ್‌ಗಳು ಒಂದಾದ ಮೇಲೊಂದು ತೆರೆಯುತ್ತವೆ. ಅವಳ ಗಡಿಯಾರ ಮಾತ್ರ ಪುಟ ತೆರೆದ ಕ್ಷಣದಿಂದಲೇ ಎಲ್ಲಕ್ಕೂ ಓಡುತ್ತಿತ್ತು. ಮುಂದಿದ್ದ ಪ್ಲಗಿನ್‌ಗಳು ತಿಂದ ಹೊತ್ತೆಲ್ಲ ಕೊನೆಯಲ್ಲಿದ್ದ ದೊಡ್ಡಣ್ಣನ ಲೆಕ್ಕಕ್ಕೆ ಬಿದ್ದಿತ್ತು. ಸರದಿಯ ಕೊನೆಯಲ್ಲಿ ನಿಂತವನನ್ನೇ ತಡ ಮಾಡಿದವನೆಂದು ಹಿಡಿದ ಹಾಗೆ. ಸರಿಪಡಿಸಿ ನೋಡಿದರೆ ಅವರದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಮುಕ್ಕಾಲು ಪಾಲು ತಿನ್ನುತ್ತಿದ್ದದ್ದು ಮ್ಯಾನೇಜರ್ ಬೇಕೇ ಬೇಕೆಂದು ಹಾಕಿಸಿದ, ಸೂಚನೆ ತೋರಿಸುವ ಪ್ಲಗಿನ್.

ಅವಳು ದೊಡ್ಡಣ್ಣನ ಮೇಜಿಗೆ ಓಡಿದಳು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಅಣ್ಣಾ, ನನ್ನ ಮೀಟರೇ ತಪ್ಪು ಹೇಳ್ತು. ನಿಮ್ಮದು ಸರಿಯಾಗೇ ಇತ್ತು. ವಾಪಸ್ ಹಾಕಿ, ಎಲ್ಲರ ಮುಂದೆ ನಾನೇ ಹೇಳ್ತೀನಿ."

ಅವರು ಕನ್ನಡಕ ತೆಗೆದು ಮೆಲ್ಲಗೆ ಒರೆಸತೊಡಗಿದರು. ಎಷ್ಟು ಹೊತ್ತಾಯಿತೆಂದು ಅವಳು ಗಡಿಯಾರದ ಕಡೆ ನೋಡಲಿಲ್ಲ.

"ಅವರೆಲ್ಲ ಬೈದಾಗ ನಂಗೇನೂ ಅನಿಸಿರಲಿಲ್ಲ ಕಣಮ್ಮ," ಎಂದರು ಕೊನೆಗೆ. "ನನ್ನ ಕೆಲಸ ನಂಗೆ ಗೊತ್ತಿತ್ತು. ನಿನ್ನ ಪರದೆ ನೋಡಿದ ಮೇಲೆ ನಾನೂ ನಂಬಿಬಿಟ್ಟೆ."